ಫರ್ಮಾನ ಐದನೆಯ ಸಂಖ್ಯೆ

ನಾಲ್ಕುನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು, ಅಂದರೆ 4294967297, ಹತ್ತು ಅಂಕೆಗಳ ಒಂದು ಬೆಸ ಸಂಖ್ಯೆ. ರೂಢಿಯ ದಶಮಾನ ಪದ್ಧತಿಯಲ್ಲಿ ಬರೆದಾಗ ಅದರಲ್ಲಿ ಯಾವ ವಿಶೇಷವೂ ಕಾಣುವುದಿಲ್ಲ. ಆದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳನ್ನು ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮೊದಲಿಗೆ ಒಂದು, ಆಮೇಲೆ ಸಾಲಾಗಿ 31 ಸೊನ್ನೆಗಳು, ಕೊನೆಗೆ ಮತ್ತೆ ಒಂದು, ಹೀಗೆ ಅದರ ರಚನೆ ಒಮ್ಮೆಲೇ ಬಯಲಾಗುತ್ತದೆ. 32 ಎರಡುಗಳನ್ನು ಒಂದಕ್ಕೊಂದು ಗುಣಿಸಿದಾಗ ಬರುವ 4294967296ಕ್ಕೆ, ಅಂದರೆ 2ರ 32ನೆಯ ಘಾತಕ್ಕೆ, ಒಂದನ್ನು ಕೂಡಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಇದರ ಅಪವರ್ತನಗಳು ಯಾವ ಆಕಾರದಲ್ಲಿರಬೇಕು, ಇದರ ನೆರೆಯ ಸಂಖ್ಯೆಗಳು ಹೇಗೆ ಒಡೆಯುತ್ತವೆ, ಯಾವ ಪರೀಕ್ಷೆ ಇದರ ಮುಂದೆ ಸೋಲುತ್ತದೆ ಎಂಬುದೆಲ್ಲ ಈ ಸರಳ ರಚನೆಯಿಂದಲೇ ನಿರ್ಧಾರವಾಗುತ್ತದೆ.

ಇಷ್ಟು ದೊಡ್ಡ ಘಾತವನ್ನು ಪಡೆಯಲು 31 ಗುಣಾಕಾರಗಳು ಬೇಕಿಲ್ಲ. 2ನ್ನು ವರ್ಗಿಸಿದರೆ 4, ಅದನ್ನು ವರ್ಗಿಸಿದರೆ 16, ಮುಂದೆ 256, ಆಮೇಲೆ 65536, ಐದನೆಯ ಸಲ ವರ್ಗಿಸಿದಾಗ 4294967296. ಈ ಸರಣಿಯ ಕೊನೆಯ ಮೂರು ಪದಗಳು ಭಾರತದ ಛಂದಶ್ಶಾಸ್ತ್ರದಲ್ಲಿ ಸಹಜವಾಗಿಯೇ ಎದುರಾಗುತ್ತವೆ. ಅನುಷ್ಟುಪ್ ಛಂದಸ್ಸಿನ ಒಂದು ಪಾದದಲ್ಲಿ ಎಂಟು ಅಕ್ಷರಗಳಿದ್ದು, ಪ್ರತಿಯೊಂದು ಅಕ್ಷರವೂ ಲಘು ಅಥವಾ ಗುರು ಆಗಬಹುದಾದ್ದರಿಂದ, ಒಂದು ಪಾದಕ್ಕೆ 256 ವಿನ್ಯಾಸಗಳು, ಅರ್ಧಶ್ಲೋಕಕ್ಕೆ 65536 ವಿನ್ಯಾಸಗಳು, 32 ಅಕ್ಷರಗಳ ಇಡೀ ಶ್ಲೋಕಕ್ಕೆ 4294967296 ವಿನ್ಯಾಸಗಳು ಸಾಧ್ಯ. ನಾಲ್ಕು ಪಾದಗಳೂ ಒಂದೇ ವಿನ್ಯಾಸದವಾದ ಸಮವೃತ್ತಗಳ ಎಣಿಕೆಯನ್ನು ವರ್ಗಿಸಿ ಅರ್ಧಸಮವೃತ್ತಗಳನ್ನೂ, ಅದನ್ನು ಮತ್ತೆ ವರ್ಗಿಸಿ ವಿಷಮವೃತ್ತಗಳನ್ನೂ ಎಣಿಸುವ, ಪುನರಾವರ್ತನೆಯಾದುದನ್ನು ಕಳೆಯುವ ವಿಧಾನವನ್ನು ಪಿಂಗಲನ ಸೂತ್ರಗಳೇ ಹೇಳಿವೆ. 2ರ ಯಾವುದೇ ಘಾತವನ್ನು ಅರ್ಧಿಸುವಿಕೆ ಮತ್ತು ವರ್ಗಿಸುವಿಕೆಗಳ ಮೂಲಕ ಬೇಗನೆ ಪಡೆಯುವ ಕ್ರಮವೂ ಅಲ್ಲಿಯೇ ಇದೆ. ಕನ್ನಡದಲ್ಲಿ ನಾಗವರ್ಮನ ಛಂದೋಂಬುಧಿ ಪ್ರಸ್ತಾರ ಮೊದಲಾದ ಷಟ್ಪ್ರತ್ಯಯಗಳನ್ನು, ಅಂದರೆ ವಿನ್ಯಾಸಗಳ ಲೆಕ್ಕದ ಆರು ವಿಧಾನಗಳನ್ನು, ವಿವರಿಸುವಾಗ ಮುಂದುವರಿಸಿದ್ದು ಇದೇ ಎಣಿಕೆಯ ಪರಂಪರೆಯನ್ನು. ಒಟ್ಟು ಎಷ್ಟು ವಿನ್ಯಾಸಗಳೆಂಬುದು ಛಂದಸ್ಸಿನ ಪ್ರಶ್ನೆ. ಅದಕ್ಕೆ ಒಂದು ಕೂಡಿಸಿದಾಗ ಬರುವ ಸಂಖ್ಯೆ ಎಂಥದು ಎಂಬುದು ಬೇರೆಯೇ ಪ್ರಶ್ನೆ, ಅದು ಹುಟ್ಟಿದ್ದು ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ.

ಒಂದು ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡ ಪೂರ್ಣಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. ಹಾಗಲ್ಲದೆ ಚಿಕ್ಕ ಅಪವರ್ತನಗಳಾಗಿ ಒಡೆಯುವುದು ಸಂಯುಕ್ತ ಸಂಖ್ಯೆ. ಟುಲೂಸ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದು, ಬಿಡುವಿನಲ್ಲಿ ಗಣಿತವನ್ನು ಆಳವಾಗಿ ಅಭ್ಯಾಸ ಮಾಡುತ್ತಿದ್ದ ಪಿಯರ್ ದ ಫರ್ಮಾ, ಮೇಲಿನ ವರ್ಗಗಳ ಸರಣಿಯ ಪ್ರತಿ ಪದಕ್ಕೂ ಒಂದನ್ನು ಕೂಡಿಸಿ 3, 5, 17, 257, 65537 ಎಂಬ ಸಂಖ್ಯೆಗಳನ್ನು ಪಡೆದ. ಐದೂ ಅವಿಭಾಜ್ಯಗಳೇ. ಘಾತಸೂಚಿ 1, 2, 4, 8, 16 ಎಂದು ಇಮ್ಮಡಿಯಾಗುತ್ತ ಹೋಗುವುದು ಇಲ್ಲಿ ಆಕಸ್ಮಿಕವಲ್ಲ. ಘಾತಸೂಚಿಗೆ ಮೂರು, ಐದು, ಏಳರಂಥ ಬೆಸ ಅಪವರ್ತನವೊಂದು ಇದ್ದರೆ, 2ರ ಆ ಘಾತಕ್ಕೆ ಒಂದು ಕೂಡಿಸಿ ಬರುವ ಸಂಖ್ಯೆ ಒಡೆದೇ ತೀರುತ್ತದೆ. 2ರ 6ನೆಯ ಘಾತಕ್ಕೆ ಒಂದು ಸೇರಿದ 65, 2ರ ವರ್ಗಕ್ಕೆ ಒಂದು ಸೇರಿದ 5ರಿಂದ ಭಾಗವಾಗುವುದು ಇದೇ ಕಾರಣಕ್ಕೆ. ಹೀಗಾಗಿ ಅವಿಭಾಜ್ಯವಾಗುವ ಅವಕಾಶ ಉಳಿಯುವುದು ಘಾತಸೂಚಿಯೇ 2ರ ಘಾತವಾಗಿರುವ ಸಂಖ್ಯೆಗಳಿಗೆ ಮಾತ್ರ. ಈ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ತನಗೆ ಬಹುಮಟ್ಟಿಗೆ ಮನವರಿಕೆಯಾಗಿದೆಯೆಂದು ಫರ್ಮಾ 1640ರಲ್ಲಿ ಗಣಿತಜ್ಞ ಫ್ರೆನಿಕಲ್‌ಗೆ ಪತ್ರ ಬರೆದ. ಅದಕ್ಕೆ ಪೂರ್ಣ ಸಾಧನೆ ತನ್ನ ಬಳಿ ಇಲ್ಲವೆಂಬುದನ್ನೂ ತಿಳಿಸಿದ. ಇಂದು ಇವುಗಳಿಗೆ ಫರ್ಮಾ ಸಂಖ್ಯೆಗಳೆಂದೇ ಹೆಸರು. ಎಣಿಕೆಯನ್ನು ಸೊನ್ನೆಯಿಂದ ತೊಡಗುವ ವಾಡಿಕೆಯಿಂದಾಗಿ 3 ಸೊನ್ನೆಯ ಸಂಖ್ಯೆ, 65537 ನಾಲ್ಕನೆಯದು, 4294967297 ಐದನೆಯದು.

ಸುಮಾರು ತೊಂಬತ್ತು ವರ್ಷಗಳ ಕಾಲ ಆ ಊಹೆಯನ್ನು ಯಾರೂ ಅಲುಗಿಸಲಿಲ್ಲ. 1729ರ ಡಿಸೆಂಬರ್ 1ರಂದು ಕ್ರಿಶ್ಚಿಯನ್ ಗೋಲ್ಡ್‌ಬಾಖ್ ಎಂಬ ಗಣಿತಜ್ಞ, ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿದ್ದ 22 ವರ್ಷದ ಲಿಯೊನಾರ್ಡ್ ಆಯ್ಲರ್‌ಗೆ ಬರೆದ ಪತ್ರದಲ್ಲಿ ಫರ್ಮಾನ ಈ ಮಾತು ಗಮನಕ್ಕೆ ಬಂದಿದೆಯೇ ಎಂದು ಕೇಳಿದ. ಆಯ್ಲರ್ ಮೊದಲು ಅಷ್ಟಾಗಿ ಆಸಕ್ತಿ ತೋರದಿದ್ದರೂ, 1732ರಲ್ಲಿ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದಲ್ಲಿ 4294967297 ಎಂಬುದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ತೋರಿಸಿದ. 641ನ್ನು 6700417ರಿಂದ ಗುಣಿಸಿದರೆ ಬರುವುದು ಸರಿಯಾಗಿ ಈ ಸಂಖ್ಯೆಯೇ. ಫರ್ಮಾನ ಊಹೆ ಅಲ್ಲಿಗೆ ಬಿತ್ತು.

ಆದರೆ ಊಹೆ ಬಿದ್ದುದಕ್ಕಿಂತ ಅದನ್ನು ಬೀಳಿಸಿದ ದಾರಿಯೇ ಹೆಚ್ಚು ಮೌಲ್ಯದ್ದು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. 2, 3, 5, 7 ಎಂದು ಕ್ರಮವಾಗಿ ಭಾಗಿಸುತ್ತ ಹೋದರೆ 641ರ ಸರದಿ ಬರುವುದು 116ನೆಯದಾಗಿ. ಹೀಗೆ ಎಲ್ಲವನ್ನೂ ಪ್ರಯತ್ನಿಸುವ ಬದಲು, ಅಪವರ್ತನವೊಂದು ಇದ್ದರೆ ಅದು ಹೇಗಿರಬೇಕು ಎಂದು ಮೊದಲು ಕೇಳಿಕೊಂಡದ್ದು ಆಯ್ಲರ್‌ನ ಹಿರಿಮೆ. ಆ ತರ್ಕವನ್ನು ಆತ ವಿವರವಾಗಿ ಬಿಡಿಸಿದ್ದು ಹಲವು ವರ್ಷಗಳ ನಂತರದ ಮತ್ತೊಂದು ಪ್ರಬಂಧದಲ್ಲಿ.

ಆ ತರ್ಕದ ಬುಡದಲ್ಲಿರುವುದು ಫರ್ಮಾನದೇ ಒಂದು ಪ್ರಮೇಯ. 2ಲ್ಲದ ಯಾವುದೇ ಅವಿಭಾಜ್ಯವನ್ನು ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಘಾತಸೂಚಿಯಾಗಿಸಿ 2ರ ಘಾತವನ್ನು ಕಂಡುಹಿಡಿದು, ಅದನ್ನು ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ ಯಾವಾಗಲೂ ಒಂದು: 7ಕ್ಕೆ 2ರ 6ನೆಯ ಘಾತವಾದ 64, ಒಂಬತ್ತು ಏಳಲ ಅರವತ್ತಮೂರು ಹೋಗಿ, ಒಂದನ್ನು ಉಳಿಸುತ್ತದೆ. ಈಗ ಯಾವುದೋ ಒಂದು ಅವಿಭಾಜ್ಯ 4294967297ನ್ನು ಭಾಗಿಸುತ್ತದೆಂದು ಭಾವಿಸಬಹುದು. ಹಾಗಿದ್ದಲ್ಲಿ 2ರ 32ನೆಯ ಘಾತವನ್ನು ಅದರಿಂದ ಭಾಗಿಸಿದಾಗ ಒಂದು ಮಾತ್ರ ಕೊರತೆ ಬೀಳುತ್ತದೆ, ಅಂದರೆ ಶೇಷವನ್ನು ಋಣ ಒಂದು ಎಂದೇ ಹೇಳಬಹುದು. ಅದನ್ನು ವರ್ಗಿಸಿದರೆ 2ರ 64ನೆಯ ಘಾತ ಬಿಡುವ ಶೇಷ ಧನ ಒಂದು. 2ರ ಘಾತಗಳನ್ನು ಒಂದೊಂದಾಗಿ ಭಾಗಿಸುತ್ತ ಹೋದಾಗ ಶೇಷಗಳು ಒಂದು ನಿಶ್ಚಿತ ಅವಧಿಗೊಮ್ಮೆ ಒಂದಕ್ಕೆ ಮರಳುತ್ತವೆ, ಆ ಅವಧಿ 64ನ್ನು ಭಾಗಿಸಲೇಬೇಕು. 64ರ ಭಾಜಕಗಳಾದ 1, 2, 4, 8, 16, 32, 64ರಲ್ಲಿ ಕೊನೆಯದನ್ನು ಬಿಟ್ಟು ಮಿಕ್ಕವೆಲ್ಲ 32ನ್ನೂ ಭಾಗಿಸುತ್ತವೆ. ಅವುಗಳಲ್ಲೊಂದು ಅವಧಿಯಾಗಿದ್ದರೆ 32ನೆಯ ಘಾತದಲ್ಲಿಯೇ ಶೇಷ ಧನ ಒಂದಾಗಬೇಕಿತ್ತು, ಆದರೆ ಅಲ್ಲಿ ಇರುವುದು ಋಣ ಒಂದು. ಆದ್ದರಿಂದ ಅವಧಿ ಸರಿಯಾಗಿ 64. ಫರ್ಮಾನ ಪ್ರಮೇಯದ ಪ್ರಕಾರ, ಆ ಅವಿಭಾಜ್ಯದಿಂದ ಒಂದು ಕಳೆದಾಗ ಬರುವ ಘಾತಸೂಚಿಯಲ್ಲಿಯೂ ಶೇಷ ಒಂದೇ ಆಗುವುದರಿಂದ, ಆ ಘಾತಸೂಚಿ 64ರ ಗುಣಕ. ಅಂತೂ ಈ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 64ರ ಯಾವುದಾದರೊಂದು ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕು.

64ರ ಗುಣಕಗಳಿಗೆ ಒಂದು ಕೂಡಿಸಿದರೆ 65, 129, 193, 257, 321, 385, 449, 513, 577, 641 ಎಂದು ಪಟ್ಟಿ ಸಾಗುತ್ತದೆ. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಅಂದರೆ 641 ಐದನೆಯ ಪ್ರಯತ್ನಕ್ಕೇ ಸಿಗುತ್ತದೆ. 1878ರಲ್ಲಿ ಎಡ್ವರ್ಡ್ ಲ್ಯೂಕಾಸ್ ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ, 64ರ ಜಾಗದಲ್ಲಿ 128ನ್ನು ಇಡಬಹುದೆಂದು ತೋರಿಸಿದ. ಆಗ ಪಟ್ಟಿಯಲ್ಲಿ 641ರ ಮೊದಲು ಉಳಿಯುವ ಅವಿಭಾಜ್ಯ 257 ಒಂದೇ, ಅದನ್ನೂ ಬೇರೆ ಕಾರಣಕ್ಕಾಗಿ ಕೈಬಿಡಬಹುದು ಎಂಬುದು ಮುಂದೆ ಸ್ಪಷ್ಟವಾಗುತ್ತದೆ. ಇದರಲ್ಲಿ ಸೋಜಿಗದ ಸಂಗತಿಯೆಂದರೆ, ಇದೇ ಬಗೆಯ ಸಾಧನವನ್ನು ಫರ್ಮಾ 1640ರಲ್ಲಿಯೇ ಬಳಸಿ, 2ರ 37ನೆಯ ಘಾತದಿಂದ ಒಂದು ಕಳೆದ ಸಂಖ್ಯೆಗೆ 223 ಒಂದು ಅಪವರ್ತನವೆಂದು ಕಂಡುಹಿಡಿದಿದ್ದ. ಬೇಕಾದ ಪ್ರಮೇಯ ಅವನ ಕೈಯಲ್ಲಿಯೇ ಇತ್ತು, ಬೇಕಾಗಿದ್ದುದು ಐದು ಭಾಗಾಕಾರ ಮಾತ್ರ.

641 ಈ ಸಂಖ್ಯೆಯನ್ನು ಭಾಗಿಸುತ್ತದೆಂದು ತಾಳೆ ನೋಡಲು ಹತ್ತು ಅಂಕೆಗಳ ಭಾಗಾಕಾರವೂ ಬೇಡ, ಪಿಂಗಲನ ವರ್ಗಿಸುವ ಕ್ರಮವೇ ಸಾಕು. 2ರ 8ನೆಯ ಘಾತ 256. ಅದರ ವರ್ಗ 65536ರಲ್ಲಿ 641ರ 102 ಪಟ್ಟು, ಅಂದರೆ 65382 ಕಳೆದರೆ ಉಳಿಯುವುದು 154. ಇದು 16ನೆಯ ಘಾತದ ಶೇಷ. 154ರ ವರ್ಗ 23716. 641ರ 37 ಪಟ್ಟು 23717. ಕೊರತೆ ಒಂದೇ ಒಂದು, ಆದ್ದರಿಂದ 32ನೆಯ ಘಾತಕ್ಕೆ ಒಂದು ಕೂಡಿಸಿದರೆ 641 ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಇನ್ನೂ ಸೊಗಸಾದ ದಾರಿಯೊಂದಿದೆ. 641 ಎಂಬುದು ಐದರ 128 ಪಟ್ಟಿಗಿಂತ ಒಂದು ಹೆಚ್ಚು. ಅದೇ 641, ಐದರ ನಾಲ್ಕನೆಯ ಘಾತ 625 ಮತ್ತು ಎರಡರ ನಾಲ್ಕನೆಯ ಘಾತ 16, ಇವುಗಳ ಮೊತ್ತವೂ ಹೌದು. ಮೊದಲನೆಯದರಿಂದ 5 ಮತ್ತು 2ರ 7ನೆಯ ಘಾತಗಳ ಗುಣಲಬ್ಧ ಋಣ ಒಂದನ್ನು ಶೇಷವಾಗಿ ಬಿಡುತ್ತದೆ, ಹಾಗಾಗಿ ಅದನ್ನು ನಾಲ್ಕನೆಯ ಘಾತಕ್ಕೇರಿಸಿದಾಗ, 625 ಮತ್ತು 2ರ 28ನೆಯ ಘಾತಗಳ ಗುಣಲಬ್ಧ ಧನ ಒಂದನ್ನು ಬಿಡುತ್ತದೆ. ಎರಡನೆಯದರ ಪ್ರಕಾರ 625ರ ಬದಲು ಋಣ 16ನ್ನು, ಅಂದರೆ 2ರ 4ನೆಯ ಘಾತವನ್ನು ಋಣಚಿಹ್ನೆಯೊಡನೆ, ಇಡಬಹುದು. 4 ಮತ್ತು 28 ಸೇರಿ 32 ಆಗುವುದರಿಂದ ಸಾಧನೆ ಮುಗಿಯುತ್ತದೆ. ಒಂದೇ ಸಂಖ್ಯೆಯನ್ನು ಎರಡು ಬಗೆಯಲ್ಲಿ ಬರೆದುದರಿಂದಲೇ ಇಷ್ಟು ಸಿದ್ಧಿಸುವ ಈ ವಾದದಷ್ಟು ಚೊಕ್ಕವಾದದ್ದು ಅಂಕಗಣಿತದಲ್ಲಿ ವಿರಳ.

ಇನ್ನೊಂದು ಅಪವರ್ತನವಾದ 6700417 ಇನ್ನೂ ಒಡೆಯಬಹುದೇ? ಅದರ ವರ್ಗಮೂಲ 2589ಕ್ಕಿಂತ ಕಡಿಮೆ. ಅಷ್ಟರೊಳಗೆ 128ರ ಗುಣಕಕ್ಕಿಂತ ಒಂದು ಹೆಚ್ಚಿರುವ ಅವಿಭಾಜ್ಯಗಳು 257, 641, 769, 1153, 1409 ಎಂಬ ಐದೇ. 257ನ್ನು ಬಿಟ್ಟು ಉಳಿದ ನಾಲ್ಕರಿಂದ ಭಾಗಿಸಿದರೆ ಕ್ರಮವಾಗಿ 44, 120, 334, 622 ಶೇಷ ಉಳಿಯುತ್ತದೆ. ಅರವತ್ತೇಳು ಲಕ್ಷ ದಾಟಿದ ಸಂಖ್ಯೆಯೊಂದು ಅವಿಭಾಜ್ಯವೆಂದು ನಾಲ್ಕೇ ಭಾಗಾಕಾರಗಳಲ್ಲಿ ಸಿದ್ಧವಾಗುತ್ತದೆ.

257ನ್ನು ಏಕೆ ಪರೀಕ್ಷಿಸಬೇಕಾಗಿಲ್ಲ ಎಂಬುದಕ್ಕೆ ಉತ್ತರ ನೆರೆಯ ಸಂಖ್ಯೆ 4294967295ರಲ್ಲಿದೆ. ಇದು ಫರ್ಮಾನ ಐದನೆಯ ಸಂಖ್ಯೆಗಿಂತ ಎರಡು ಕಡಿಮೆ, ಅದರ ಹಿಂದಿನ ಐದೂ ಫರ್ಮಾ ಸಂಖ್ಯೆಗಳ ಗುಣಲಬ್ಧ: 3, 5, 17, 257, 65537 ಇವನ್ನು ಗುಣಿಸಿದರೆ ಸರಿಯಾಗಿ 4294967295 ದೊರೆಯುತ್ತದೆ. ಎಂದಮೇಲೆ ಆ ಐದರಲ್ಲಿ ಯಾವುದಾದರೊಂದು 4294967297ನ್ನೂ ಭಾಗಿಸಿದರೆ, ಅದು ಎರಡರ ವ್ಯತ್ಯಾಸವಾದ 2ನ್ನೂ ಭಾಗಿಸಬೇಕಾಗುತ್ತದೆ, ಬೆಸ ಸಂಖ್ಯೆಗೆ ಅದು ಅಸಾಧ್ಯ. ಈ ಸಂಬಂಧ ಎಲ್ಲ ಫರ್ಮಾ ಸಂಖ್ಯೆಗಳಿಗೂ ಅನ್ವಯಿಸುವುದರಿಂದ ಅವುಗಳಲ್ಲಿ ಯಾವ ಎರಡಕ್ಕೂ ಒಂದನ್ನುಳಿದು ಸಾಮಾನ್ಯ ಅಪವರ್ತನವಿಲ್ಲ; ಪ್ರತಿಯೊಂದೂ ಹಿಂದಿನವುಗಳಲ್ಲಿ ಇಲ್ಲದ ಹೊಸ ಅವಿಭಾಜ್ಯವನ್ನು ತರುತ್ತದೆ. ಅವಿಭಾಜ್ಯಗಳು ಅನಂತ ಎಂಬ ಯೂಕ್ಲಿಡ್‌ನ ಪ್ರಮೇಯಕ್ಕೆ ಇದು ಮತ್ತೊಂದು ಸಾಧನೆ, ಗೋಲ್ಡ್‌ಬಾಖ್ 1730ರಲ್ಲಿ ಆಯ್ಲರ್‌ಗೆ ಬರೆದ ಪತ್ರದಲ್ಲಿ ಈ ವಿಚಾರದ ತಿರುಳಿದೆ. ಫರ್ಮಾ ಸಂಖ್ಯೆಗಳು ತಾವೇ ಅವಿಭಾಜ್ಯಗಳಾಗದಿದ್ದರೂ ಈ ಸಾಧನೆಗೆ ಕುಂದಿಲ್ಲ.

ಫರ್ಮಾನ ಪ್ರಮೇಯವನ್ನು ತಿರುವಿ ಪರೀಕ್ಷೆಯಾಗಿ ಬಳಸಲು ಹೊರಟರೆ ಈ ಸಂಖ್ಯೆ ಒಂದು ಮುಖ್ಯ ಪಾಠ ಕಲಿಸುತ್ತದೆ. ಅವಿಭಾಜ್ಯಕ್ಕಿಂತ ಒಂದು ಕಡಿಮೆಯ ಘಾತಕ್ಕೇರಿಸಿದಾಗ ಶೇಷ ಒಂದಾಗುತ್ತದೆ ಎಂಬುದು ನಿಜ. ಶೇಷ ಒಂದಾದರೆ ಸಂಖ್ಯೆ ಅವಿಭಾಜ್ಯ ಎಂಬುದು ನಿಜವಲ್ಲ. 4294967297ರಿಂದ ಒಂದು ಕಳೆದರೆ 2ರ 32ನೆಯ ಘಾತ, ಹಾಗಾಗಿ 2ನ್ನು ಆ ಘಾತಕ್ಕೇರಿಸುವುದೆಂದರೆ 32 ಸಲ ವರ್ಗಿಸುವುದು. ಐದನೆಯ ಸಲಕ್ಕೆ ಶೇಷ ಋಣ ಒಂದಾಗುತ್ತದೆ, ಆರನೆಯ ಸಲಕ್ಕೆ ಧನ ಒಂದು, ಅಲ್ಲಿಂದಾಚೆ ಅದು ಬದಲಾಗುವುದೇ ಇಲ್ಲ. ಸಂಯುಕ್ತವಾಗಿದ್ದೂ ಅವಿಭಾಜ್ಯದಂತೆಯೇ ವರ್ತಿಸುವ ಇಂಥವನ್ನು ಹುಸಿ ಅವಿಭಾಜ್ಯಗಳೆನ್ನಬಹುದು. ಎಲ್ಲ ಫರ್ಮಾ ಸಂಖ್ಯೆಗಳೂ 2ರ ಪರೀಕ್ಷೆಯನ್ನು ಹೀಗೆ ದಾಟುವುದರಿಂದ ಇಲ್ಲಿ ಆ ಪರೀಕ್ಷೆ ನಿರುಪಯುಕ್ತ. 2ರ ಬದಲು 3ನ್ನು ಹಿಡಿದು 32 ಸಲ ವರ್ಗಿಸುತ್ತ, ಪ್ರತಿ ಸಲವೂ 4294967297ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡು ಸಾಗಿದರೆ, ಕೊನೆಗೆ ಉಳಿಯುವುದು 3029026160. ಅದು ಒಂದಲ್ಲ, ಆದ್ದರಿಂದ ಒಂದೇ ಒಂದು ಅಪವರ್ತನ ತಿಳಿಯದಿದ್ದರೂ ಈ ಸಂಖ್ಯೆ ಸಂಯುಕ್ತವೆಂದು ಖಚಿತ. 1877ರಲ್ಲಿ ಫ್ರಾನ್ಸಿನ ಪೆಪಿನ್ ಇದನ್ನು ಪೂರ್ಣ ಪರೀಕ್ಷೆಯಾಗಿ ರೂಪಿಸಿದ. ಅದರಂತೆ ಕೊನೆಯದಕ್ಕಿಂತ ಒಂದು ಹೆಜ್ಜೆ ಹಿಂದೆ, ಅಂದರೆ 31ನೆಯ ವರ್ಗದಲ್ಲಿ, ಶೇಷ ಋಣ ಒಂದಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಸಂಯುಕ್ತ. ಇಲ್ಲಿ ಆ ಶೇಷ 10324303. ಸಂಖ್ಯೆ ಒಡೆಯುತ್ತದೆಂದು ತಿಳಿಯುವುದು ಬೇರೆ, ಎಲ್ಲಿ ಒಡೆಯುತ್ತದೆಂದು ತಿಳಿಯುವುದು ಬೇರೆ. ಇಂದಿನ ಗುಪ್ತಲಿಪಿ ವಿಜ್ಞಾನದ ಒಂದು ಮುಖ್ಯ ಭಾಗ ನಿಂತಿರುವುದು ಈ ಅಂತರದ ಮೇಲೆ.

ಅವಿಭಾಜ್ಯವೋ ಸಂಯುಕ್ತವೋ ಎಂಬ ಈ ತೀರ್ಪು ರೇಖಾಗಣಿತಕ್ಕೂ ಮುಟ್ಟಿತು. ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮವಾಗಿರುವ ನಿಯಮಿತ ಬಹುಭುಜಾಕೃತಿಗಳಲ್ಲಿ ಯಾವುವನ್ನು ಕೈವಾರ ಮತ್ತು ಗುರುತುಗಳಿಲ್ಲದ ಪಟ್ಟಿಯಿಂದ ರಚಿಸಬಹುದು ಎಂಬುದು ಗ್ರೀಕರ ಕಾಲದ ಪ್ರಶ್ನೆ. 1796ರ ಮಾರ್ಚ್ 30ರಂದು, ಇನ್ನೂ 19 ತುಂಬದ ಕಾರ್ಲ್ ಫ್ರೆಡ್ರಿಕ್ ಗೌಸ್, 17 ಬಾಹುಗಳ ಆಕೃತಿಯನ್ನು ಹೀಗೆ ರಚಿಸಬಹುದೆಂದು ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ, ಅಂದರೆ ಅವಿಭಾಜ್ಯವಾಗಿರುವ ಫರ್ಮಾ ಸಂಖ್ಯೆಗಳ, ಗುಣಲಬ್ಧವಾಗಿರಬೇಕೆಂಬುದು ನಿಯಮ. ಇಷ್ಟಿದ್ದರೆ ಸಾಕು ಎಂಬುದನ್ನು ಗೌಸ್ ಸಾಧಿಸಿದ, ಇಷ್ಟು ಇರಲೇಬೇಕು ಎಂಬುದನ್ನು 1837ರಲ್ಲಿ ಗಣಿತಜ್ಞ ವಾಂಟ್ಸೆಲ್ ಸಾಧಿಸಿದ. ತಿಳಿದಿರುವ ಫರ್ಮಾ ಅವಿಭಾಜ್ಯಗಳು ಐದೇ ಆದ್ದರಿಂದ, ಅವುಗಳಿಂದ ಪಡೆಯಬಹುದಾದ ಬೆಸ ಗುಣಲಬ್ಧಗಳು 31, ಅವುಗಳಲ್ಲಿ ಅತಿ ದೊಡ್ಡದು ಮೇಲೆ ಹೇಳಿದ 4294967295. ಭೂಮಧ್ಯರೇಖೆಯ ಉದ್ದಕ್ಕೂ ಈ ಆಕೃತಿಯನ್ನು ರಚಿಸಿದರೆ ಒಂದೊಂದು ಬಾಹುವೂ 9 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದವಿರುತ್ತದೆ. ಅದಕ್ಕೆ ಎರಡೇ ಬಾಹು ಹೆಚ್ಚಿಸಿ 4294967297 ಮಾಡಿದರೆ, 641 ಫರ್ಮಾ ಅವಿಭಾಜ್ಯವಲ್ಲದ ಒಂದೇ ಕಾರಣಕ್ಕೆ, ಕೈವಾರ ಮತ್ತು ಪಟ್ಟಿಯಿಂದ ಅದರ ರಚನೆ ಎಂದೆಂದಿಗೂ ಅಸಾಧ್ಯ. 65537 ಬಾಹುಗಳ ಆಕೃತಿಯ ರಚನಾವಿಧಾನಕ್ಕಾಗಿ ಯೋಹಾನ್ ಹರ್ಮೆಸ್ ಎಂಬ ಜರ್ಮನ್ ಅಧ್ಯಾಪಕ ಹತ್ತು ವರ್ಷಕ್ಕೂ ಮಿಕ್ಕಿ ದುಡಿದ, ಆ ಹಸ್ತಪ್ರತಿ ಗೋಟಿಂಗೆನ್ ವಿಶ್ವವಿದ್ಯಾಲಯದಲ್ಲಿದೆ.

ಕಂಪ್ಯೂಟರುಗಳ ಲೋಕದಲ್ಲಿ 32 ಬಿಟ್‌ಗಳ ಒಂದು ಪದದಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆ 4294967295, ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಸಾಧ್ಯವಿರುವ ಒಟ್ಟು ವಿಳಾಸಗಳು 4294967296. ಫರ್ಮಾನ ಐದನೆಯ ಸಂಖ್ಯೆಗೆ 33ನೆಯ ಬಿಟ್ ಬೇಕು. ಅದಿಲ್ಲದ ಯಂತ್ರದಲ್ಲಿ ಮೇಲಿನ ಬಿಟ್ ಕಳೆದುಹೋಗಿ ಉಳಿಯುವುದು ಬರಿಯ 1.

ಐದನೆಯದು ಒಡೆದಮೇಲೆ ಆರನೆಯದರ ಸರದಿ. 20 ಅಂಕೆಗಳ 18446744073709551617ಕ್ಕೆ 274177 ಒಂದು ಅಪವರ್ತನವೆಂದು 1880ರಲ್ಲಿ ಫೊರ್ಚುನೆ ಲಾಂಡ್ರಿ ಪ್ರಕಟಿಸಿದ, ಆಗ ಆತನ ವಯಸ್ಸು 82. ಅದಕ್ಕೂ ಮುಂಚೆ, 1855ರಲ್ಲಿ ಗೌಸ್‌ಗೆ ಬರೆದ ಪತ್ರದಲ್ಲಿ, ಥಾಮಸ್ ಕ್ಲಾಸೆನ್ ಅದನ್ನು ತಿಳಿಸಿದ್ದನೆಂಬುದು ಆಮೇಲೆ ಗೊತ್ತಾಯಿತು. 39 ಅಂಕೆಗಳ ಏಳನೆಯದು ಸಂಯುಕ್ತವೆಂದು 1905ರಲ್ಲಿಯೇ ಪೆಪಿನ್ನನ ಪರೀಕ್ಷೆಯಿಂದ ಖಚಿತವಾಗಿದ್ದರೂ, ಅದನ್ನು ಒಡೆಯಲು ಕಂಪ್ಯೂಟರಿನ ನೆರವಿನಿಂದ 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಅವರೇ ಬರಬೇಕಾಯಿತು. ಎಂಟರಿಂದ ಹನ್ನೊಂದರವರೆಗಿನವು 1980 ಮತ್ತು 1995ರ ನಡುವೆ ಪೂರ್ಣವಾಗಿ ಒಡೆದವು. ಹನ್ನೆರಡನೆಯದು ಇನ್ನೂ ಪೂರ್ಣವಾಗಿ ಒಡೆದಿಲ್ಲ. ಇಪ್ಪತ್ತನೆಯದು ಮತ್ತು ಇಪ್ಪತ್ತನಾಲ್ಕನೆಯದು ಸಂಯುಕ್ತಗಳೆಂಬುದು ಖಚಿತ, ಆದರೆ ಅವುಗಳ ಒಂದು ಅಪವರ್ತನವೂ ಯಾರಿಗೂ ಸಿಕ್ಕಿಲ್ಲ.

ಐದರಿಂದ ಮೂವತ್ತೆರಡರವರೆಗಿನ ಎಲ್ಲ ಫರ್ಮಾ ಸಂಖ್ಯೆಗಳೂ ಸಂಯುಕ್ತವೆಂದು ಸಾಧಿಸಲಾಗಿದೆ. ಸುಮಾರು 258 ಕೋಟಿ ಅಂಕೆಗಳುಳ್ಳ ಮೂವತ್ತಮೂರನೆಯದರ ಸ್ವರೂಪ ನಿರ್ಧಾರವಾಗಿಲ್ಲ. 65537ರ ಆಚೆಗೆ ಇನ್ನೊಂದು ಫರ್ಮಾ ಅವಿಭಾಜ್ಯ ಇದೆಯೇ ಎಂಬುದು ತಿಳಿದಿಲ್ಲ, ಸಂಯುಕ್ತವಾದವು ಅನಂತವಾಗಿವೆ ಎಂಬುದಕ್ಕೂ ಸಾಧನೆಯಿಲ್ಲ. ಒಡೆದು ನೋಡಿದ ಯಾವ ಫರ್ಮಾ ಸಂಖ್ಯೆಯಲ್ಲಿಯೂ ಒಂದೇ ಅವಿಭಾಜ್ಯ ಎರಡು ಸಲ ಕಾಣಿಸಿಕೊಂಡಿಲ್ಲ. 641 ಮತ್ತು 6700417 ಎಂಬ ಭಿನ್ನ ಅಪವರ್ತನಗಳಿಂದ ತೊಡಗುವ ಈ ಲಕ್ಷಣ ಎಲ್ಲ ಫರ್ಮಾ ಸಂಖ್ಯೆಗಳಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯೂ ಹಾಗೆಯೇ ತೆರೆದಿದೆ.